ಮಂಚದ ಸುತ್ತ ಬೆಂಗಳೂರು ರೋಡು

ಈ ಮಂಚ ಬೆಂಗಳೂರು ರೋಡು, ತಿಳೀತಾ?
ಈ ಕೊಡ ಗಡಿಯಾರದ ಗೋಪುರ.
ಸಾಲಾಗಿಟ್ಟ ಚಪ್ಪಲಿ ಎಲ್ಲಾ ಜನ.
ಹಗ್ಗದ ಮ್ಯಾಲಿನ ಹಸಿ ಸೀರೆ ಆಚೆಗೆ
ನೀನು ಕಳದೀ.
ಈಗ ಏನು ಮಾಡ್ತೀ?

ನಾಕು ವರ್ಷದ ಗಾದಿಲಿಂಗ
ಸೀರೆ ಸರಿಸಿ ಹಲ್ಲು ಬಿಡ್ತಾನೆ:
“ಇಲ್ಲೇ ಅದೀನಲ್ಲ ಯಮ್ಮಾ!”

ಹಂಗಲ್ಲೋ ಮರಿ.
ನಾ ನಿನಗೆ ಕಾಣಂಗಿಲ್ಲ, ನೀ ನನಗೆ ಕಾಣಂಗಿಲ್ಲ.
ಆಗ ಓಡಬ್ಯಾಡ. ನನ್ನ ಹುಡುಕಬ್ಯಾಡ.
ಹುಡುಕೋದು ನನ್ನ ಕೆಲಸ, ಸಿಗೋದಷ್ಟೇ ನಿಂದು.
ಮಿಷನ್ನಿನ ಸೂಜಿ ನೋಡೀಯಲ್ಲ,
ದಿನಕ್ಕೆ ಎಪ್ಪತ್ತು ಪ್ಯಾಂಟು ಅದರ ಕೆಳಗೆ ಹರೀತಾವೆ,
ಅದು ನಿಂತ ಜಾಗ ಬಿಡಂಗಿಲ್ಲ.

ಹೋದ ಐತಾರ
ನೀಲಿ ಗಂಟು ಹೇರಿದ ಸೈಕಲ್ಲೊಂದು ಕಂಡು
ನಮ್ಮನೆಗೇ ಹೊಂಟೈತೆ ಅಂದ್ಕೊಂಡ, ಬೆನ್ನು ಹತ್ತಿದ.
ನಮ್ಮನೆ ಅಂದ್ರೆ ಅವನಿಗೆ ಮೊದಲು ಜೀನ್ಸ್ ಗಂಟು,
ಆಮೇಲೆ ಬಾಗಿಲು.
ನನ್ನ ಕೈಯಾಗ ಅವನ ಬೆರಳಿತ್ತು.
ಚಿಲ್ಲರೆ ಎಣಿಸೋಕೆ ಬಿಟ್ಟೆ.
ಎಣಿಸಿ ಮುಗಿದಾಗ ಕೈಯಾಗ
ಹದಿನೇಳು ರೂಪಾಯಿ ಇತ್ತು.

ಎಂಟೇ ನಿಮಿಷ ಅಂದ್ರು ಆಮೇಲೆ ಯಾರೋ.
ಇರಬೌದು. ನನಗೆ ನೆನಪಿರೋದು
ಬಳ್ಳಾರಿ ಮಕ್ಕಳೆಲ್ಲಾ ಅವತ್ತು
ಹಳದಿ ಅಂಗಿನೇ ತೊಟ್ಟಿದ್ದು.

ಮಿರ್ಚಿ ಗಾಡಿ ಕೆಳಗೆ, ಎಣ್ಣೆ ಡಬ್ಬಿ ಸಂದಿಯಾಗ ಸಿಕ್ಕ.
ಪೊಲೀಸಪ್ಪ ಬಗ್ಗಿದಷ್ಟೂ ಒಳಗೊಳಗೆ ಸರೀತಿದ್ದನಂತೆ.
ಸರೀದೆ ಏನು ಮಾಡ್ಯಾನು?
“ಉಣ್ಣದಿದ್ರೆ ಪೊಲೀಸು ಒಯ್ತಾನೆ” ಅಂತ
ತುತ್ತಿಗೊಂದು ಸಲ ಹೆದರಿಸಿದ ಬಾಯಿ ನಂದೇ.
ಆ ಸುಳ್ಳು ಈಗ ಒಂದೊಂದೇ ಹೊಲಿಗೆ ಬಿಚ್ಚಬೇಕು.
ಹೊಲಿಯೋದಕ್ಕಿಂತ ಬಿಚ್ಚೋದು ನಿಧಾನ,
ಯಾವ ಟೈಲರ್‌ನಾದ್ರೂ ಕೇಳಿ ನೋಡ್ರಿ.

“ನೀ ಪೇರೇಮಿ” ಅಂತ ಮಿರ್ಚಿಯವ ತೆಲುಗಿನಾಗ ಕೇಳಿದ್ರೆ
“ಗಾದಿಲಿಂಗ” ಅಂದನಂತೆ, ಗಟ್ಟಿಯಾಗೇ.
ನಿಮ್ಮಮ್ಮನ ಹೆಸರು?
“ಯಮ್ಮ.”

ತಪ್ಪು ಅವಂದಲ್ಲ.
ಗಂಡಗೆ ನಾನು “ಏ, ಕೇಳ್ತೈತಾ?”
ಅತ್ತೆ ಬಾಯಾಗ “ನಮ್ಮ ಎರ್ರಿಸ್ವಾಮಿ ಹೆಂಡ್ತಿ”,
ಯೂನಿಟ್ಟಿನಾಗ ನಾಕನೇ ಮಿಷನ್ನು.
ರೇಷನ್ ಕಾರ್ಡು ಬಿಟ್ರೆ
ನನ್ನ ಹೆಸರು ಎಲ್ಲೂ ಕೂತಿಲ್ಲ.

ಅದಕ್ಕೇ ಈಗ ಸಂಜೆ ಸಂಜೆ ಮಂಚ ಸುತ್ತುತೀವಿ.
“ಯಮ್ಮಾ” ಅಂದ್ರೆ ಇಡೀ ರೋಡು ತಿರುಗಿ ನೋಡ್ತೈತೆ ಮರಿ,
ನೋಡಿ ಮುಂದಕ್ಕೆ ಹೋಗ್ತೈತೆ.
ಹೆಸರು ಹಿಡಿದು ಕೂಗು.
ಹುಲಿಗೆಮ್ಮ.
“ಉಲಿಗೆಮ್ಮ.”
ಹುಲಿ, ಹುಲಿ ಐತಲ್ಲ, ಹು...
“ಉಲಿ.”
ಇರಲಿ ಬಿಡು. ಉಲಿ ಅಂದ್ರೂ ನಡೀತೈತೆ.

ಯಾರನ್ನ ಕೇಳಬೇಕು?
ಕಂಕುಳಾಗ ಕೂಸಿರೋ ಹೆಂಗಸನ್ನ,
ಅಂಗಡಿ ಗಲ್ಲಾದ ಮ್ಯಾಲೆ ಕುಂತೋರನ್ನ,
ಹೂಂ, ಪೊಲೀಸಪ್ಪನ್ನೂ.
ಯಾರ ಹಿಂದೆ ಹೋಗಬಾರದು?
ಚಾಕ್ಲೇಟ್ ಕೊಟ್ರೂ, ನಿಮ್ಮಮ್ಮ ಅಲ್ಲದಾಳೆ ಅಂದ್ರೂ...
“ಸೈಕಲ್ ಹಿಂದೆ” ಅಂತಾನೆ, ತಾನೇ ತಲೆ ತಗ್ಗಿಸಿ.

ಈ ಐತಾರ ಮತ್ತೆ ಹೋಗಿದ್ವಿ.
ಸ್ಟೀಲ್ ಪಾತ್ರೆ ಅಂಗಡಿ ಮುಂದೆ
ಎರಡು ಹೆಜ್ಜೆ ಹಿಂದುಳಿದ.
ನಡುವೆ ಯಾರೋ ಹಾಸಿಗೆ ಸುತ್ತಿ ಹೊತ್ಕೊಂಡು ದಾಟಿದ್ರು.
ಅವನು ಓಡಲಿಲ್ಲ. ಅಳಲಿಲ್ಲ.
ಸೂಜಿಯಂಗೆ ನಿಂತ, ಹೊಟ್ಟೆ ಒಳಗೆಳೆದು
ಕೂಗಿದ
“ಉಲಿಗೆಮ್ಮಾ!”

ತವರಿನ ಕಾಲುವೆ ದಂಡೆ ಬಿಟ್ಟ ಮ್ಯಾಲೆ
ಅಷ್ಟು ದೊಡ್ಡದಾಗಿ ಯಾರೂ ಕರೆದಿರಲಿಲ್ಲ.
ಯಾರೋ ಪಾಪ ಕಳದಾಳೆ ಅಂತ
ರೋಡಿನ ಜೊತೆ ನಾನೂ ತಿರುಗಿ ಹುಡುಕಿದೆ.
ಮೂರನೇ ಸಲಕ್ಕೆ “ಓ” ಅಂದೆ.

ಫೋನ್ ನಂಬರಿನಾಗ ಏಳು ಅಂಕಿ ಬಂದಾವೆ.
ಉಳಿದ ಮೂರಕ್ಕೆ
ಈ ಮಂಚದ ಸುತ್ತ ಇನ್ನೊಂದು ವಾರ
ಕಳೀಬೇಕು ಇಬ್ಬರೂ.